ಹಳೆಯ ಪಿನ್‌ಬಾಲ್ ಯಂತ್ರದ ನಂಬರ್ ಏನು ಹೇಳುತ್ತದೆ, ಏನು ಹೇಳುವುದಿಲ್ಲ

ಪಿನ್‌ಬಾಲ್ ಅಂದರೆ ನಮ್ಮ ಕಡೆ ಹೆಚ್ಚಿನವರಿಗೆ ಗೊತ್ತಿರುವುದು ವಿಂಡೋಸ್ ಎಕ್ಸ್‌ಪಿ ಜೊತೆ ಬರುತ್ತಿದ್ದ ಸ್ಪೇಸ್ ಕೆಡೆಟ್ ಆಟ. ಸೈಬರ್ ಕೆಫೆಯಲ್ಲಿ ಇಂಟರ್ನೆಟ್ ನಿಧಾನವಾದಾಗ ಎಲ್ಲರೂ ತೆರೆಯುತ್ತಿದ್ದದ್ದು ಅದನ್ನೇ. ಆದರೆ ಆ ಆಟದ ಅಸಲಿ ರೂಪ ಒಂದು ದೊಡ್ಡ ಮರದ ಪೆಟ್ಟಿಗೆ. ನಾಲ್ಕು ಕಾಲು, ಮೇಲೆ ಗಾಜು, ಗಾಜಿನ ಕೆಳಗೆ ಇಳಿಜಾರಾದ ಹಲಗೆ, ಹಲಗೆಯ ಮೇಲೆ ಉರುಳುವ ಉಕ್ಕಿನ ಗುಂಡು, ಹಿಂದೆ ಎತ್ತರದಲ್ಲಿ ಬಣ್ಣದ ಚಿತ್ರವಿರುವ ಇನ್ನೊಂದು ಪೆಟ್ಟಿಗೆ. ಕಾಸು ಹಾಕಿದರೆ ಆಟ ಶುರು. ಅಮೆರಿಕ, ಯುರೋಪಿನಲ್ಲಿ ಈ ಹಳೆಯ ಯಂತ್ರಗಳನ್ನು ಕೊಂಡು, ಬಿಚ್ಚಿ, ಸರಿ ಮಾಡಿ ಮನೆಯಲ್ಲಿ ಇಟ್ಟುಕೊಳ್ಳುವವರು ತುಂಬಾ ಜನ ಇದ್ದಾರೆ. ಒಳ್ಳೆಯ ಯಂತ್ರಕ್ಕೆ ಕಾರಿನಷ್ಟು ಬೆಲೆಯೂ ಆಗುತ್ತದೆ.

ಕೊಂಡ ತಕ್ಷಣ ಇವರೆಲ್ಲ ಕೇಳುವ ಪ್ರಶ್ನೆಗಳು ಒಂದೇ. ಇದು ಯಾವ ವರ್ಷದ್ದು? ಇಂಥವು ಎಷ್ಟು ತಯಾರಾದವು? ಕಾರ್ಖಾನೆಯಿಂದ ಹೊರಟು ಎಲ್ಲೆಲ್ಲಿ ಇತ್ತು? ಒಳಗಿರುವ ಭಾಗಗಳೆಲ್ಲ ಇದರದ್ದೇನಾ, ಇಲ್ಲ ಬೇರೆ ಯಂತ್ರದಿಂದ ತಂದು ಕೂರಿಸಿದ್ದಾ? ಎಲ್ಲದಕ್ಕೂ ಮೊದಲು ಹುಡುಕುವುದು ಸೀರಿಯಲ್ ನಂಬರನ್ನು.

ನಾವು ಸೆಕೆಂಡ್ ಹ್ಯಾಂಡ್ ಬೈಕ್ ಕೊಳ್ಳುವಾಗ ಚಾಸಿಸ್ ನಂಬರನ್ನು ಆರ್‌ಸಿ ಜೊತೆ ತಾಳೆ ನೋಡುತ್ತೇವಲ್ಲ, ಆ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಗಾಡಿಗೆ ಒಂದು ಕಾನೂನು ಇದೆ, ನೋಂದಣಿ ಮಾಡುವ ಕಚೇರಿ ಇದೆ. ಪಿನ್‌ಬಾಲಿಗೆ ಅಂಥದ್ದೇನೂ ಇರಲಿಲ್ಲ. ಒಂದೊಂದು ಕಾರ್ಖಾನೆ ತನಗೆ ಬೇಕಾದ ಹಾಗೆ, ತನ್ನ ಅಗತ್ಯಕ್ಕೆ ತಕ್ಕಂತೆ ನಂಬರ್ ಹಾಕಿತು. ಐವತ್ತು ವರ್ಷ ಆದ ಮೇಲೆ ಯಾರೋ ಟಾರ್ಚ್ ಹಿಡಿದು ಇದನ್ನು ಓದುತ್ತಾರೆ ಅಂತ ಅವರು ಯಾರೂ ಅಂದುಕೊಂಡಿರಲಿಲ್ಲ. ಹಾಗಾಗಿ ನಂಬರ್ ಓದುವ ಮೊದಲು ಅದನ್ನು ಯಾಕೆ ಹಾಕಿದರು ಅನ್ನುವುದು ಗೊತ್ತಿರಬೇಕು. ಅದು ಗೊತ್ತಿಲ್ಲದೆ ಸುಮ್ನೆ ಅಂಕಿ ನೋಡಿ "ಓಹೋ, ನನ್ನದು 214ನೇ ಯಂತ್ರ" ಅಂತ ಹೇಳಿಕೊಂಡು ತಿರುಗುವವರು ಬಹಳ.

ಮೊದಲು ಸ್ವಲ್ಪ ಹಿನ್ನೆಲೆ. ಈ ಉದ್ಯಮ ಹೆಚ್ಚುಕಡಿಮೆ ಪೂರ್ತಿ ಒಂದೇ ಊರಿನದು, ಶಿಕಾಗೊ. 1931ರಲ್ಲಿ ಅಲ್ಲಿನ ಡೇವಿಡ್ ಗಾಟ್ಲೀಬ್ 'ಬ್ಯಾಫಲ್ ಬಾಲ್' ಅನ್ನುವ ಮೇಜಿನ ಮೇಲಿಡುವ ಆಟ ತಂದರು. ಬೆಲೆ 17.50 ಡಾಲರ್. ಅದು ಹಿಟ್ ಆಯಿತು. ಅದನ್ನು ಮಾರುತ್ತಿದ್ದ ರೇ ಮೊಲೊನಿಗೆ ಬೇಕಾದಷ್ಟು ಯಂತ್ರ ಸಿಗಲಿಲ್ಲ. ಅವರು ತಾವೇ 1932ರಲ್ಲಿ 'ಬ್ಯಾಲಿಹೂ' ಅನ್ನುವ ಆಟ ಮಾಡಿದರು. ಬ್ಯಾಲಿ ಕಂಪನಿಗೆ ಹೆಸರು ಬಂದದ್ದು ಅದರಿಂದಲೇ. 1943ರಲ್ಲಿ ಹ್ಯಾರಿ ವಿಲಿಯಮ್ಸ್ ತಮ್ಮ ಕಂಪನಿ ಕಟ್ಟಿದರು. ಯಂತ್ರವನ್ನು ಜಾಸ್ತಿ ಅಲ್ಲಾಡಿಸಿದರೆ ಆಟ ನಿಂತುಹೋಗುವ 'ಟಿಲ್ಟ್' ಇವರ ಕೊಡುಗೆ. ಚೆಂಡನ್ನು ಹೊಡೆಯುವ ಫ್ಲಿಪ್ಪರ್ ಬಂದದ್ದು ಇನ್ನೂ ತಡವಾಗಿ, 1947ರಲ್ಲಿ, ಗಾಟ್ಲೀಬ್ ಕಂಪನಿಯ 'ಹಂಪ್ಟಿ ಡಂಪ್ಟಿ' ಆಟದಲ್ಲಿ. ಶಿಕಾಗೊ ಕಾಯಿನ್, ಮುಂದೆ ಸ್ಟರ್ನ್, ಡೇಟಾ ಈಸ್ಟ್ ಎಲ್ಲ ಇದೇ ಸುತ್ತಮುತ್ತಲಿನವು. ಹೊರಗೆ ಅಂದರೆ ಇಟಲಿಯ ಬೊಲೊನ್ಯಾದ ಜಕಾರಿಯಾ, ಸ್ಪೇನಿನ ಕೆಲವು ಕಂಪನಿಗಳು. ಯಂತ್ರ ಪ್ಯಾರಿಸ್ಸಿನಲ್ಲೇ ಸಿಗಲಿ, ಮಿಲಾನಿನಲ್ಲೇ ಸಿಗಲಿ, ಹುಟ್ಟಿದ್ದು ಶಿಕಾಗೊದಲ್ಲಿ ಅನ್ನುವ ಸಾಧ್ಯತೆಯೇ ಜಾಸ್ತಿ.

ಈಗ ನಂಬರ್ ಯಾಕೆ ಹಾಕಿದರು ಅನ್ನುವುದಕ್ಕೆ ಬರೋಣ. ಒಂದು ಕಾರಣ ತೀರಾ ಸರಳ. ಮರದ ಕ್ಯಾಬಿನೆಟ್ಟು, ಮೇಲಿನ ಬ್ಯಾಕ್‌ಬಾಕ್ಸು, ಚೆಂಡು ಓಡುವ ಪ್ಲೇಫೀಲ್ಡು, ಇವು ಮೂರೂ ಬೇರೆ ಬೇರೆಯಾಗಿ ತಯಾರಾಗಿ ಕೊನೆಗೆ ಒಂದಾಗುತ್ತವೆ. ಹಳೆಯ ಎಲೆಕ್ಟ್ರೋಮೆಕ್ಯಾನಿಕಲ್ ಯಂತ್ರದಲ್ಲಿ ಚಿಪ್ ಇಲ್ಲ, ಕಂಪ್ಯೂಟರ್ ಇಲ್ಲ. ಎಲ್ಲವೂ ರಿಲೇ, ಸ್ವಿಚ್ಚು, ಮೋಟರು, ತಿರುಗುವ ಅಂಕಿ ಚಕ್ರಗಳು. ಮೇಲಿನ ಪೆಟ್ಟಿಗೆಗೂ ಕೆಳಗಿನ ಪೆಟ್ಟಿಗೆಗೂ ನಡುವೆ ದಪ್ಪ ವೈರಿನ ಕಟ್ಟು ಓಡುತ್ತದೆ. ಪರೀಕ್ಷೆ ಮಾಡಿ ಸರಿಹೊಂದಿಸಿದ ಮೇಲೆ ಯಾವ ತಲೆ ಯಾವ ಮುಂಡಕ್ಕೆ ಅನ್ನುವುದು ಅದಲುಬದಲಾಗಬಾರದು. ಅದಕ್ಕೆ ಒಂದೇ ನಂಬರನ್ನು ಎರಡು ಮೂರು ಕಡೆ ಒತ್ತುತ್ತಿದ್ದರು. ಇವತ್ತು ಆ ಅಭ್ಯಾಸವೇ ನಮಗೆ ದೊಡ್ಡ ಉಪಕಾರ, ಅದನ್ನು ಆಮೇಲೆ ನೋಡೋಣ.

ಇನ್ನೊಂದು ಕಾರಣ ತೆರಿಗೆ ಮತ್ತು ಪೊಲೀಸು. ಪಿನ್‌ಬಾಲ್ ಹುಟ್ಟಿನಿಂದಲೇ ಜೂಜಿನ ಪಕ್ಕ ನಿಂತದ್ದು. 1942ರಲ್ಲಿ ನ್ಯೂಯಾರ್ಕಿನ ಮೇಯರ್ ಲಾ ಗಾರ್ಡಿಯಾ ನಗರದಲ್ಲಿ ಇದನ್ನು ನಿಷೇಧಿಸಿ, ಹಿಡಿದ ಯಂತ್ರಗಳನ್ನು ಸುತ್ತಿಗೆಯಿಂದ ಒಡೆಸಿದರು, ಫೋಟೊಗೆ ತಾವೂ ಒಂದು ಏಟು ಹಾಕಿದರು. ಆ ನಿಷೇಧ ಹೋದದ್ದು 1976ರಲ್ಲಿ. ನಿಷೇಧ ಬರುವುದಕ್ಕಿಂತ ಒಂದು ವರ್ಷ ಮೊದಲು, 1941ರಲ್ಲಿ, ಅಮೆರಿಕ ಸರ್ಕಾರ ಕಾಸು ಹಾಕಿ ಆಡುವ ಯಂತ್ರಗಳಿಗೆ ವರ್ಷದ ತೆರಿಗೆ ತಂದಿತ್ತು. ಬರೀ ಮನರಂಜನೆಯದ್ದಾದರೆ ಯಂತ್ರಕ್ಕೆ 10 ಡಾಲರ್, ಜೂಜಿನದ್ದಾದರೆ 50. 1951ರ ಇನ್ನೊಂದು ಕಾನೂನು ಜೂಜಿನ ಯಂತ್ರಗಳನ್ನು ರಾಜ್ಯದಿಂದ ರಾಜ್ಯಕ್ಕೆ ಸಾಗಿಸುವುದಕ್ಕೆ ತಡೆ ಹಾಕಿ, ತಯಾರಕರು ಪ್ರತಿ ಯಂತ್ರಕ್ಕೂ ಸಾಲಾಗಿ ನಂಬರ್ ಹಾಕಲೇಬೇಕು ಅಂತ ಹೇಳಿತು. ಆಗ ಬ್ಯಾಲಿ ಕಂಪನಿ 'ಬಿಂಗೊ' ಅನ್ನುವ ಫ್ಲಿಪ್ಪರ್ ಇಲ್ಲದ ಪಿನ್‌ಬಾಲ್ ಮಾಡುತ್ತಿತ್ತು. ಅದು ಆಟವೋ ಜೂಜೋ ಅನ್ನುವ ಜಗಳ ಸುಪ್ರೀಂ ಕೋರ್ಟಿಗೇ ಹೋಯಿತು. 1957ರಲ್ಲಿ ಕೋರ್ಟು, ಗೆದ್ದ ಆಟಗಳಿಗೆ ದುಡ್ಡು ಕೊಡುವ ಇಂಥ ಯಂತ್ರಕ್ಕೂ ಜೂಜಿನ ತೆರಿಗೆಯೇ ಅಂದಿತು. ಅಷ್ಟರಲ್ಲಿ ಆ ತೆರಿಗೆ 250 ಡಾಲರ್ ಆಗಿತ್ತು. ಒಂದು ಯಂತ್ರ ಯಾವ ಬಗೆಯದು, ಯಾವ ನಂಬರಿನದು ಅನ್ನುವುದರ ಮೇಲೆ ಇಷ್ಟು ದುಡ್ಡು ನಿಂತಿದ್ದಾಗ ಅಂಗಡಿಯವನಿಗೂ ಕಾರ್ಖಾನೆಗೂ ನಂಬರ್ ಬಗ್ಗೆ ಕಾಳಜಿ ಬರಲೇಬೇಕು, ಅಲ್ವಾ?

ಮೂರನೆಯದು ವ್ಯಾಪಾರ. ಯಾವ ಡಿಸ್ಟ್ರಿಬ್ಯೂಟರಿಗೆ ಯಾವ ಯಂತ್ರ ಹೋಯಿತು, ಕೆಟ್ಟು ಬಂದದ್ದು ಯಾವ ತಂಡದ್ದು, ತನ್ನ ಪ್ರದೇಶ ಬಿಟ್ಟು ಬೇರೆಯವರ ಪ್ರದೇಶದಲ್ಲಿ ಮಾರಿದವರು ಯಾರು, ಇದೆಲ್ಲ ನಂಬರ್ ಇಲ್ಲದೆ ತಿಳಿಯುವುದಿಲ್ಲ.

ಸರಿ, ನಂಬರ್ ಎಲ್ಲಿರುತ್ತದೆ? ಹಳೆಯ ಮರದ ಯಂತ್ರಗಳಲ್ಲಿ ಮರಕ್ಕೇ ಒತ್ತಿರುತ್ತಾರೆ. ಮೇಲಿನ ಗಾಜನ್ನು ಹಿಡಿದಿಡುವ ಲೋಹದ ಪಟ್ಟಿ ಮುಂದೆ ಇರುತ್ತದಲ್ಲ, ಅದನ್ನು ತೆಗೆದು ಕ್ಯಾಬಿನೆಟ್ಟಿನ ಮುಂಭಾಗದ ಅಂಚು ನೋಡಿ. ಕಾಯಿನ್ ಡೋರ್ ತೆರೆದು ಒಳಗೋಡೆ ನೋಡಿ. ಬ್ಯಾಕ್‌ಬಾಕ್ಸಿನ ಒಳಗೆ, ಬಲ್ಬುಗಳಿರುವ ಹಲಗೆಯ ಮೇಲೆ, ಪ್ಲೇಫೀಲ್ಡ್ ಎತ್ತಿ ಅದರ ಅಡಿಯಲ್ಲಿ, ಕೆಳಗಿನ ತಳದ ಹಲಗೆಯ ಮೇಲೆ. ಕೆಲವು ಕಡೆ ಅಚ್ಚು, ಕೆಲವು ಕಡೆ ಬರೀ ಪೆನ್ಸಿಲ್ಲು. 70ರ ದಶಕದ ಹೊತ್ತಿಗೆ ಪೆಟ್ಟಿಗೆಗೆ ಹೊಡೆದ ಚೀಟಿ ಅಥವಾ ಲೋಹದ ಪಟ್ಟಿಯೂ ಬರುತ್ತದೆ. 90ರ ದಶಕದಲ್ಲಿ ಬಾರ್‌ಕೋಡ್ ಸ್ಟಿಕರು, ಅದೇ ನಂಬರು ಕ್ಯಾಬಿನೆಟ್ಟು, ತಲೆ, ಒಳಗಿನ ಭಾಗಗಳ ಮೇಲೆ ಅಲ್ಲಲ್ಲಿ. ಒಂದು ಕಡೆ ಸಿಕ್ಕಿತು ಅಂತ ನಿಲ್ಲಬೇಡಿ. ಸಿಗುವಷ್ಟೂ ಕಡೆ ಹುಡುಕಿ, ಎಲ್ಲದರ ಫೋಟೊ ತೆಗೆಯಿರಿ. ಅಚ್ಚು ಮಾಸಿದ್ದರೆ ಟಾರ್ಚನ್ನು ನೇರವಾಗಿ ಹಿಡಿಯದೆ ಪಕ್ಕದಿಂದ ಓರೆಯಾಗಿ ಹಿಡಿದರೆ ಅಂಕಿ ಎದ್ದು ಕಾಣುತ್ತದೆ. ಉಜ್ಜಲು ಹೋಗಬೇಡಿ, ಸ್ಯಾಂಡ್‌ಪೇಪರ್ ಅಂತೂ ಹತ್ತಿರವೇ ತರಬೇಡಿ. ಪೇಂಟ್ ಮಾಡುವ ಹುಮ್ಮಸ್ಸಿನಲ್ಲಿ ನಂಬರನ್ನೇ ಉಜ್ಜಿ ತೆಗೆದ ಯಂತ್ರಗಳು ಎಷ್ಟೋ ಇವೆ.

ಇನ್ನು ಓದುವುದು. ನಂಬರ್ ಹಾಕುವುದಕ್ಕೆ ಮುಖ್ಯವಾಗಿ ಎರಡು ದಾರಿ. ಒಂದರಲ್ಲಿ ಪ್ರತಿ ಹೊಸ ಆಟಕ್ಕೂ ಎಣಿಕೆ ಹೊಸದಾಗಿ ಶುರುವಾಗುತ್ತದೆ. ಇನ್ನೊಂದರಲ್ಲಿ ಆಟ ಯಾವುದೇ ಇರಲಿ, ಕಾರ್ಖಾನೆಯ ಎಣಿಕೆ ಮುಂದುವರಿಯುತ್ತಾ ಹೋಗುತ್ತದೆ. ಮೊದಲನೆಯದಾದರೆ ಈ ಆಟದಲ್ಲಿ ಇದು ಸುಮಾರು ಎಷ್ಟನೆಯದು ಅಂತ ತಿಳಿಯಬಹುದು, ಆದರೆ ಬರೀ ನಂಬರಿನಿಂದ ಇಸವಿ ತಿಳಿಯದು. ಎರಡನೆಯದಾದರೆ ಅಕ್ಕಪಕ್ಕದ ನಂಬರುಗಳ ಜೊತೆ ಹೋಲಿಸಿ ಕಾಲವನ್ನು ಅಂದಾಜು ಮಾಡಬಹುದು, ಆದರೆ ಈ ಆಟ ಎಷ್ಟು ತಯಾರಾಯಿತು ಅನ್ನುವುದು ನೇರವಾಗಿ ಸಿಗದು. ನಿಮ್ಮ ಕೈಯಲ್ಲಿರುವುದು ಯಾವ ಬಗೆ ಅಂತ ಗೊತ್ತಾಗಬೇಕಾದರೆ ಅದೇ ಆಟದ ಇನ್ನೂ ಕೆಲವು ನಂಬರ್ ನೋಡಲೇಬೇಕು. ಒಂಟಿ ನಂಬರಿಗೆ ಅರ್ಥವೇ ಇಲ್ಲ.

ಗಾಟ್ಲೀಬ್ ಕಂಪನಿಯ ಹಲವು ಹಳೆಯ ಯಂತ್ರಗಳಲ್ಲಿ ಅಂಕಿಯ ಜೊತೆ ಒಂದೋ ಎರಡೋ ಅಕ್ಷರ ಇರುತ್ತದೆ, ಆ ಅಕ್ಷರ ಆಟವನ್ನು ಗುರುತಿಸುತ್ತದೆ. ಬ್ಯಾಲಿಯಲ್ಲಿ ಸೀರಿಯಲ್ ನಂಬರ್ ಬೇರೆ, ಮಾಡೆಲ್ ನಂಬರ್ ಬೇರೆ. 'ಎಯ್ಟ್ ಬಾಲ್' ಆಟದ ಮಾಡೆಲ್ ನಂಬರ್ 1118, 'ಕಿಸ್' 1152, 'ಜೆನಾನ್' 1196. ಹೊಸಬರು ಜಾಸ್ತಿ ಎಡವುವುದು ಇಲ್ಲೇ. ತಮ್ಮ ಕಿಸ್ ಯಂತ್ರದ ಮೇಲೆ 1152 ಅಂತ ನೋಡಿ, ತಯಾರಾದ ಹದಿನೇಳು ಸಾವಿರದಲ್ಲಿ ನನ್ನದು ಬಹಳ ಮುಂಚಿನದು ಅಂತ ಸಂತೋಷ ಪಡುತ್ತಾರೆ. ಪಾಪ, ಹದಿನೇಳು ಸಾವಿರಕ್ಕೂ ಅದೇ 1152. ವಿಲಿಯಮ್ಸ್ ಕಂಪನಿಯ 80ರ ದಶಕದ ಎಲೆಕ್ಟ್ರಾನಿಕ್ ಯಂತ್ರಗಳಲ್ಲಿ ಸಾಮಾನ್ಯವಾಗಿ ಆರಂಕಿಯ ನಂಬರ್ ಕಾಣುತ್ತದೆ.

1988ರಲ್ಲಿ ವಿಲಿಯಮ್ಸ್ ತನ್ನ ಎದುರಾಳಿ ಬ್ಯಾಲಿಯ ಪಿನ್‌ಬಾಲ್ ವ್ಯವಹಾರವನ್ನೇ ಕೊಂಡಿತು. ಆಮೇಲೆ ಎರಡು ಹೆಸರಿನ ಯಂತ್ರಗಳೂ ಒಂದೇ ಕಾರ್ಖಾನೆಯಿಂದ ಬಂದವು. 90ರ ದಶಕದಲ್ಲಿ ಇವರ ನಂಬರ್ ಓದುವುದು ತುಂಬಾ ಸುಲಭ. ಮೊದಲ ಐದು ಅಂಕಿ ಆಟದ್ದು. 20ರಿಂದ ಶುರುವಾದರೆ ಬ್ಯಾಲಿ ಹೆಸರಿನದು, 50ರಿಂದ ಶುರುವಾದರೆ ವಿಲಿಯಮ್ಸ್ ಹೆಸರಿನದು. 'ಆಡಮ್ಸ್ ಫ್ಯಾಮಿಲಿ' 20017, 'ಟ್ವೈಲೈಟ್ ಜೋನ್' 20020, 'ಮಿಡೀವಲ್ ಮ್ಯಾಡ್ನೆಸ್' 50059. ಅದರ ಮುಂದಿನದು ಆ ಯಂತ್ರದ್ದು. ಆ ದಶಕದ ನಡುವಿನಿಂದ ಇನ್ನೊಂದು ಹೆಜ್ಜೆ ಮುಂದೆ ಹೋದರು, ನಂಬರನ್ನು ಚಿಪ್ಪಿನೊಳಗೇ ಇಟ್ಟರು. ಸಿಪಿಯು ಬೋರ್ಡಿನ ಮೇಲೆ ಒಂದು ಸೆಕ್ಯುರಿಟಿ ಚಿಪ್. ಸ್ವಿಚ್ ಹಾಕಿದಾಗ ಡಿಸ್‌ಪ್ಲೇಯಲ್ಲೇ ನಂಬರ್ ಬರುತ್ತದೆ. ಮೊದಲ ಮೂರಂಕಿ ಆಟದ ಗುರುತು, ಮಿಡೀವಲ್ ಮ್ಯಾಡ್ನೆಸ್ ಆದರೆ 559. ಬೇರೆ ಆಟದ ಚಿಪ್ ತಂದು ಹಾಕಿದರೆ ಯಂತ್ರ ಆಡುವುದಿಲ್ಲ. ಒಂದು ದೇಶಕ್ಕೆ ಅಂತ ಕಳಿಸಿದ ಯಂತ್ರಗಳು ಕದ್ದುಮುಚ್ಚಿ ಇನ್ನೊಂದು ದೇಶದಲ್ಲಿ ಮಾರಾಟ ಆಗದಿರಲಿ ಅಂತ ಇದನ್ನು ತಂದರು ಅನ್ನುವುದು ಈ ಹವ್ಯಾಸದವರು ಸಾಮಾನ್ಯವಾಗಿ ಕೊಡುವ ವಿವರಣೆ. ಈಗ ಅದೇ ಚಿಪ್ ನಮಗೆ ಇನ್ನೊಂದು ಸಾಕ್ಷಿ. ಪರದೆಯ ಮೇಲೆ ಒಂದು ನಂಬರ್, ಪೆಟ್ಟಿಗೆಯ ಮೇಲೆ ಇನ್ನೊಂದು ಅಂತಾದರೆ ಬೋರ್ಡ್ ಎಲ್ಲೋ ಬದಲಾಗಿದೆ ಅಂತ ಅರ್ಥ. ಮೋಸವೇ ಆಗಬೇಕು ಅಂತಿಲ್ಲ. ಬೋರ್ಡ್ ಸುಟ್ಟುಹೋಗಿ ಬೇರೆ ಹಾಕಿರಬಹುದು.

ತಲೆ-ಮುಂಡದ ನಂಬರ್ ತಾಳೆಯಾಗದಿರುವುದೂ ಹೀಗೇ. ಆಗ ಈ ಯಂತ್ರಗಳ ಮಾಲೀಕರು ಆಪರೇಟರುಗಳು. ಒಬ್ಬೊಬ್ಬ ಆಪರೇಟರ್ ಹತ್ತಾರು ಬಾರು, ಹೋಟೆಲು, ಬೌಲಿಂಗ್ ಜಾಗಗಳಲ್ಲಿ ಯಂತ್ರ ಇಟ್ಟು ವಾರಕ್ಕೊಮ್ಮೆ ಬಂದು ಕಾಸು ಎಣಿಸಿ ಪಾಲು ಕೊಟ್ಟು ಹೋಗುತ್ತಿದ್ದ. ಅವನ ಬಳಿ ಒಂದೇ ಆಟದ ನಾಲ್ಕೈದು ಯಂತ್ರ ಇರುತ್ತಿದ್ದವು. ಒಂದರ ತಲೆ ಕೆಟ್ಟರೆ ಗೋದಾಮಿನಲ್ಲಿರುವ ಇನ್ನೊಂದರ ತಲೆ ಹಾಕಿ ಕಳಿಸುತ್ತಿದ್ದ. ಅವನಿಗೆ ಶನಿವಾರ ರಾತ್ರಿ ಯಂತ್ರ ಓಡಬೇಕು, ಅಷ್ಟೇ. ಹೀಗಾಗಿ ಎಲ್ಲ ಕಡೆ ಒಂದೇ ನಂಬರ್ ಇರುವ ಯಂತ್ರ ಸಿಕ್ಕರೆ ಅದು ನಿಜಕ್ಕೂ ಸಂತೋಷದ ವಿಷಯ. ಇಲ್ಲದಿದ್ದರೆ ಬೆಲೆ ಸ್ವಲ್ಪ ಇಳಿಸಿ ಕೇಳಿ, ಯಂತ್ರವನ್ನು ಬಿಡಬೇಡಿ. ಆಡುವುದಕ್ಕೆ ಅದರಿಂದ ಏನೂ ವ್ಯತ್ಯಾಸವಿಲ್ಲ.

ನಂಬರ್ ಪೂರ್ತಿ ದಾರಿ ತಪ್ಪಿಸುವ ಒಂದು ಕಾಲವಿದೆ, ಎರಡನೇ ಮಹಾಯುದ್ಧದ್ದು. 1942ರಲ್ಲಿ ಲೋಹ, ತಾಮ್ರದ ತಂತಿ ಎಲ್ಲ ಯುದ್ಧಕ್ಕೆ ಬೇಕಾಗಿ ಹೊಸ ಯಂತ್ರಗಳ ತಯಾರಿಕೆ ನಿಂತಿತು. ಆದರೆ ಜನರಿಗೆ ಹೊಸ ಆಟ ಬೇಕಿತ್ತು. ಹಳೆಯ ಯಂತ್ರಗಳನ್ನು ತಂದು ಗಾಜಿನ ಚಿತ್ರ ಬದಲಿಸಿ, ಪ್ಲೇಫೀಲ್ಡಿಗೆ ಹೊಸ ಬಣ್ಣ ಬಳಿದು, ಹೊಸ ಹೆಸರಿಟ್ಟು ಮಾರುವ ಕೆಲಸ ಶುರುವಾಯಿತು. ಹ್ಯಾರಿ ವಿಲಿಯಮ್ಸ್ ತಮ್ಮ ಸ್ವಂತ ಕಂಪನಿಗೆ ಮೊದಲು ಲಿನ್ ಡುರಾಂಟ್ ಜೊತೆ ಕಟ್ಟಿದ ಯುನೈಟೆಡ್ ಕಂಪನಿ ಇದೇ ಕೆಲಸದಿಂದ ಬೆಳೆದದ್ದು. ಇಂಥ ಯಂತ್ರದ ಮರಕ್ಕೆ ಒತ್ತಿದ ನಂಬರ್ ಒಂದು ಕಂಪನಿಯದು, ಯುದ್ಧಕ್ಕೆ ಮುಂಚಿನದು. ಗಾಜಿನ ಮೇಲಿನ ಹೆಸರು ಇನ್ನೊಂದು ಕಂಪನಿಯದು, ಯುದ್ಧದ ನಡುವಿನದು. ಎರಡೂ ನಿಜ. ಒಂದೇ ಪೆಟ್ಟಿಗೆಗೆ ಎರಡು ಹುಟ್ಟು. ನಂಬರ್ ಮಾತ್ರ ನೋಡಿದವರಿಗೂ, ಗಾಜು ಮಾತ್ರ ನೋಡಿದವರಿಗೂ ಅರ್ಧ ಕಥೆಯೇ ಸಿಗುವುದು.

ಅದಕ್ಕೇ ನಂಬರಿನ ಪಕ್ಕದಲ್ಲಿ ಬೇರೆ ಗುರುತುಗಳನ್ನೂ ಇಟ್ಟು ನೋಡಬೇಕು. ನನ್ನ ಮಟ್ಟಿಗೆ ಈ ಕೆಲಸದಲ್ಲಿ ಮಜಾ ಇರುವುದೇ ಇಲ್ಲಿ.

ಚಿಪ್ಪುಗಳಿರುವ ಯಂತ್ರವಾದರೆ ಪ್ರತಿ ಚಿಪ್ಪಿನ ಮೇಲೆ ನಾಲ್ಕಂಕಿಯ ತಾರೀಖು ಇರುತ್ತದೆ. ಮೊದಲ ಎರಡು ವರ್ಷ, ಕೊನೆಯ ಎರಡು ವಾರ. 7843 ಅಂದರೆ 1978ರ 43ನೇ ವಾರ, ಅಂದರೆ ಅಕ್ಟೋಬರ್ ಕೊನೆಯ ಹೊತ್ತು. ಟ್ರಾನ್ಸ್‌ಫಾರ್ಮರ್, ದೊಡ್ಡ ಕೆಪಾಸಿಟರುಗಳ ಮೇಲೂ ಹೀಗೇ ಕೋಡ್ ಇರುತ್ತದೆ. ಬಿಡಿಭಾಗ ಯಂತ್ರಕ್ಕಿಂತ ಮೊದಲೇ ಹುಟ್ಟಿರಬೇಕು. ಹಾಗಾಗಿ ಮೂಲದವು ಅಂತ ಖಾತ್ರಿಯಿರುವ ಭಾಗಗಳಲ್ಲಿ ಎಲ್ಲಕ್ಕಿಂತ ಹೊಸ ತಾರೀಖು ಯಾವುದೋ, ಅದಕ್ಕಿಂತ ಹಿಂದೆ ಈ ಯಂತ್ರ ತಯಾರಾಗಿರಲು ಸಾಧ್ಯವಿಲ್ಲ. ಉಳಿದ ಎಲ್ಲವೂ 1978ರದ್ದಾಗಿ ಒಂದೇ ಒಂದು 1985 ಅಂತಿದ್ದರೆ ಅದು ರಿಪೇರಿಯಲ್ಲಿ ಬಂದದ್ದು, ಲೆಕ್ಕದಿಂದ ಬಿಡಿ. ಕೆಲವು ಪ್ಲೇಫೀಲ್ಡುಗಳ ಅಡಿಯಲ್ಲಿ, ಕ್ಯಾಬಿನೆಟ್ಟಿನ ಒಳಗೆ ಪರೀಕ್ಷೆ ಮಾಡಿದವರ ಸಹಿ, ತಾರೀಖು ಕೂಡ ಇರುತ್ತದೆ. ಅದು ಸಿಕ್ಕರೆ ಇನ್ನೇನು ಬೇಕು.

ಕಂಪನಿಯ ಹೆಸರು, ವಿಳಾಸ ನೋಡಿ. ಗಾಟ್ಲೀಬ್ ಒಂದು ಕಾಲದಲ್ಲಿ ಶಿಕಾಗೊದ ಕೋಸ್ಟ್‌ನರ್ ಅವೆನ್ಯೂದಲ್ಲಿತ್ತು, ಆಮೇಲೆ ಊರಾಚೆಯ ನಾರ್ತ್‌ಲೇಕ್‌ಗೆ ಹೋಯಿತು. 1977ರಲ್ಲಿ ಅದನ್ನು ಕೊಲಂಬಿಯಾ ಪಿಕ್ಚರ್ಸ್ ಕೊಂಡಿತು. 1983ರಲ್ಲಿ ಹೆಸರು ಮೈಲ್‌ಸ್ಟಾರ್ ಆಯಿತು. 1984ರಲ್ಲಿ ಪ್ರೀಮಿಯರ್ ಟೆಕ್ನಾಲಜಿ. 1996ರಲ್ಲಿ ಮುಚ್ಚಿತು. ವಿಲಿಯಮ್ಸ್ ಒಂದು ಕಾಲದಲ್ಲಿ ಫಿಲ್ಮೋರ್ ಸ್ಟ್ರೀಟ್, ಆಮೇಲೆ ಕ್ಯಾಲಿಫೋರ್ನಿಯಾ ಅವೆನ್ಯೂ. ಚೀಟಿಯ ಮೇಲೆ ಯಾವ ಹೆಸರು, ಯಾವ ಬೀದಿ ಅನ್ನುವುದೇ ಕಾಲವನ್ನು ಹೇಳುತ್ತದೆ.

ಯಂತ್ರ ಎಲ್ಲಿ ಬದುಕಿತು ಅನ್ನುವುದಕ್ಕೆ ಸೀರಿಯಲ್ ನಂಬರಿಗಿಂತ ಅಂಟಿಸಿದ ಚೀಟಿಗಳು ಜಾಸ್ತಿ ಹೇಳುತ್ತವೆ. ನಗರಸಭೆಯ ಲೈಸೆನ್ಸ್ ಸ್ಟಿಕರು, ತೆರಿಗೆ ಕಟ್ಟಿದ ಚೀಟಿ, ಡಿಸ್ಟ್ರಿಬ್ಯೂಟರಿನ ಪಟ್ಟಿ, ಒಳಗೆ ಮೊಳೆಗೆ ಸಿಕ್ಕಿಸಿದ ರಿಪೇರಿ ಕಾರ್ಡು. ಯುರೋಪಿಗೆ ಹೋದ ಯಂತ್ರವಾದರೆ ಕಾಯಿನ್ ಡೋರಿನಲ್ಲಿ ಮಾರ್ಕ್, ಫ್ರಾಂಕ್, ಲಿರಾದ ತೂತುಗಳು, ಟ್ರಾನ್ಸ್‌ಫಾರ್ಮರಿನಲ್ಲಿ 220 ವೋಲ್ಟಿನ ಜೋಡಣೆ. 90ರ ದಶಕದ ವಿಲಿಯಮ್ಸ್ ಬೋರ್ಡುಗಳಲ್ಲಿ ದೇಶಕ್ಕೆ ತಕ್ಕ ಜಂಪರುಗಳೇ (ಎರಡು ಬಿಂದು ಸೇರಿಸುವ ಚಿಕ್ಕ ತುಂಡುಗಳು) ಇವೆ. ಅಮೆರಿಕಕ್ಕೆ ಒಂದು, ಜರ್ಮನಿಗೆ ಒಂದು, ಫ್ರಾನ್ಸಿಗೆ ಒಂದು ಜೋಡಣೆ. ಹಿಂದೆ ಯುರೋಪಿಗೆ ಹೋದ ಎಷ್ಟೋ ಯಂತ್ರಗಳು ಮತ್ತೆ ಕಂಟೇನರಿನಲ್ಲಿ ಅಮೆರಿಕಕ್ಕೆ ವಾಪಸ್ ಬಂದಿವೆ. ಮಾರುವವರು "ಮೊದಲಿನಿಂದ ನಮ್ಮ ಊರಲ್ಲೇ ಇತ್ತು" ಅಂದರೂ ಕಾಯಿನ್ ಡೋರಿನ ಸುತ್ತಲಿನ ಹಳೆಯ ತೂತುಗಳು ಬೇರೆಯದನ್ನೇ ಹೇಳುತ್ತವೆ.

ಆಟದ ಬಗೆಯೂ ಊರನ್ನು ಹೇಳಬಲ್ಲದು. ಗೆದ್ದರೆ ಉಚಿತ ಆಟ ಕೊಡುವುದು ಕೂಡ ಜೂಜು ಅಂತ ಕೆಲವು ಕಡೆ ಕಾನೂನಿತ್ತು. ಅಂಥ ಕಡೆಗೆ ಗಾಟ್ಲೀಬ್ 1960ರಿಂದ, ಗೆದ್ದರೆ ಹೆಚ್ಚುವರಿ ಚೆಂಡು ಕೊಡುವ ಯಂತ್ರ ಮಾಡಿತು. 1971ರ '2001' ಅನ್ನುವ ಆಟದ ಇಂಥ ರೂಪಕ್ಕೆ 'ಡೈಮೆನ್ಶನ್' ಅಂತ ಬೇರೆಯೇ ಹೆಸರು. ಆಟ ಒಂದೇ, ಹೆಸರು ಎರಡು, ಎಣಿಕೆ ಬೇರೆ ಬೇರೆ. ಇನ್ನೊಂದು ಬಗೆಯ ಜೋಡಿಗಳೂ ಇವೆ. 70ರ ದಶಕದ ಕೊನೆಗೆ ರಿಲೇ ಹೋಗಿ ಚಿಪ್ ಬರುವಾಗ ಒಂದೇ ಹೆಸರಿನ ಆಟ ಎರಡೂ ತಂತ್ರಜ್ಞಾನದಲ್ಲಿ ಬಂದಿತು. ಗಾಟ್ಲೀಬ್ ಕಂಪನಿಯ 'ಜೋಕರ್ ಪೋಕರ್' ಚಿಪ್ ಇರುವುದು 9,280 ತಯಾರಾಯಿತು, ಹಳೆಯ ಬಗೆಯದು ಬರೀ 820. ಬ್ಯಾಲಿಯ 'ಈವಲ್ ನೀವಲ್' ಚಿಪ್ ಇರುವುದು 14,000, ಹಳೆಯ ಬಗೆಯದು 155. ಹೆಸರು ಒಂದೇ ಅಂತ ಇವುಗಳ ನಂಬರುಗಳನ್ನು ಒಂದೇ ಪಟ್ಟಿಗೆ ಸೇರಿಸಿದರೆ ಲೆಕ್ಕ ಕೆಟ್ಟಿತು.

ಲೆಕ್ಕ ಅಂದೆನಲ್ಲ, ಎಲ್ಲಕ್ಕಿಂತ ಚೆನ್ನಾಗಿರುವುದು ಅದೇ. ಕೆಲವು ಕಂಪನಿಗಳ ತಯಾರಿಕೆಯ ಅಂಕಿಅಂಶ ಉಳಿದಿದೆ. ಎಯ್ಟ್ ಬಾಲ್ 20,230, ಅದರ ದಾಖಲೆ ಮುರಿದ 1992ರ ಆಡಮ್ಸ್ ಫ್ಯಾಮಿಲಿ 20,270, ಮಿಡೀವಲ್ ಮ್ಯಾಡ್ನೆಸ್ 4,016. ಆದರೆ ಬಹಳಷ್ಟು ಆಟಗಳಿಗೆ ಏನೂ ಉಳಿದಿಲ್ಲ. ಆಗ ಉಳಿದಿರುವ ಕೆಲವೇ ನಂಬರುಗಳಿಂದ ಒಟ್ಟು ಎಷ್ಟು ತಯಾರಾಗಿರಬಹುದು ಅಂತ ಹೇಳಬಹುದಾ?

ಹೇಳಬಹುದು. ಈ ಲೆಕ್ಕ ಹೆಸರಾದದ್ದು ಯುದ್ಧದಲ್ಲಿ. ಜರ್ಮನಿ ತಿಂಗಳಿಗೆ ಎಷ್ಟು ಟ್ಯಾಂಕ್ ಮಾಡುತ್ತಿದೆ ಅಂತ ಮಿತ್ರಪಕ್ಷಗಳಿಗೆ ತಿಳಿಯಬೇಕಿತ್ತು. 1942ರ ಆಗಸ್ಟಿಗೆ ಗೂಢಚಾರರ ಅಂದಾಜು 1,550. ಹಿಡಿದ ಟ್ಯಾಂಕುಗಳ ಸೀರಿಯಲ್ ನಂಬರ್ ನೋಡಿ ಸಂಖ್ಯಾಶಾಸ್ತ್ರದವರು ಹೇಳಿದ್ದು 327. ಯುದ್ಧ ಮುಗಿದ ಮೇಲೆ ಜರ್ಮನಿಯ ದಾಖಲೆ ತೆಗೆದು ನೋಡಿದರೆ 342.

ಸೂತ್ರ ಇಷ್ಟೇ. ಕಂಡ ನಂಬರುಗಳಲ್ಲಿ ಅತಿ ದೊಡ್ಡದನ್ನು ತೆಗೆದುಕೊಳ್ಳಿ. ಅದನ್ನು ಎಷ್ಟು ನಂಬರ್ ಕಂಡಿದ್ದೀರೋ ಅಷ್ಟರಿಂದ ಭಾಗಿಸಿ, ಬಂದದ್ದನ್ನು ಆ ದೊಡ್ಡ ನಂಬರಿಗೇ ಕೂಡಿಸಿ, ಒಂದು ಕಳೆಯಿರಿ. ಸುಮ್ನೆ ಒಂದು ಉದಾಹರಣೆ ನೋಡೋಣ. ಒಂದು ಆಟದ ಐದು ಯಂತ್ರ ಸಿಕ್ಕಿವೆ ಅಂದುಕೊಳ್ಳಿ. ನಂಬರುಗಳು 1043, 1310, 1588, 1902, 2501. ಎಣಿಕೆ 1001ರಿಂದ ಶುರುವಾಗಿದೆ ಅಂತ ಗೊತ್ತಿದ್ದರೆ ಎಲ್ಲದರಿಂದ 1000 ಕಳೆಯಬೇಕು. ದೊಡ್ಡದು 1501 ಆಯಿತು. ಐದರಿಂದ ಭಾಗಿಸಿದರೆ ಸುಮಾರು 300. ಕೂಡಿಸಿ ಒಂದು ಕಳೆದರೆ ಸುಮಾರು 1800. ಈಗ ಐದರ ಬದಲು ಇಪ್ಪತ್ತು ಯಂತ್ರ ಕಂಡಿವೆ, ಆದರೂ ದೊಡ್ಡ ನಂಬರ್ 1501ನ್ನು ದಾಟಿಲ್ಲ ಅಂದುಕೊಳ್ಳಿ. ಆಗ ಉತ್ತರ 1575ಕ್ಕೆ ಇಳಿಯುತ್ತದೆ. ಕಾರಣ ಸುಲಭ. ಇನ್ನೂ ನೂರಾರು ಯಂತ್ರ ಆಚೆಗೆ ಇದ್ದಿದ್ದರೆ ಇಪ್ಪತ್ತರಲ್ಲಿ ಒಂದಾದರೂ ಕಣ್ಣಿಗೆ ಬೀಳಬೇಕಿತ್ತು.

ಆದರೆ ಈ ಲೆಕ್ಕಕ್ಕೆ ಕೆಲವು ಷರತ್ತುಗಳಿವೆ, ಪಿನ್‌ಬಾಲಿನಲ್ಲಿ ಅವು ಪದೇ ಪದೇ ಮುರಿಯುತ್ತವೆ. ಎಣಿಕೆ ಎಲ್ಲಿಂದ ಶುರುವಾಯಿತು ಅಂತ ಗೊತ್ತಿರಬೇಕು. ಮೇಲಿನ ಉದಾಹರಣೆಯಲ್ಲಿ 1000 ಕಳೆಯುವುದನ್ನು ಮರೆತಿದ್ದರೆ ಉತ್ತರ ಮೂರು ಸಾವಿರ ಆಗುತ್ತಿತ್ತು. ನಡುವೆ ನಂಬರ್ ಹಾರಿಸಿರಬಾರದು. ಒಂದು ಆಟಕ್ಕೆ ಅಂತ ತೆಗೆದಿಟ್ಟ ನಂಬರುಗಳಲ್ಲಿ ಅರ್ಧ ಬಳಸಿ ಉಳಿದದ್ದು ಹಾಗೇ ಬಿಟ್ಟಿದ್ದರೆ ನಮಗೆ ಅದು ತಿಳಿಯುವುದಿಲ್ಲ. ಮುಖ್ಯವಾದದ್ದು ಇನ್ನೊಂದು, ಕಂಡ ಯಂತ್ರಗಳು ಎಲ್ಲ ಕಡೆಯಿಂದ ಸಮವಾಗಿ ಬಂದಿರಬೇಕು. ಕೊನೆಯ ಐನೂರು ಯಂತ್ರ ಒಟ್ಟಿಗೆ ಇಟಲಿಗೆ ಹೋಗಿದ್ದರೆ, ಅಲ್ಲಿಂದ ಯಾರೂ ನಂಬರ್ ಕಳಿಸದಿದ್ದರೆ, ಅಮೆರಿಕದ ನೂರು ನಂಬರ್ ಕೂಡಿಸಿದರೂ ಆ ಐನೂರು ಲೆಕ್ಕಕ್ಕೆ ಸಿಗುವುದೇ ಇಲ್ಲ. ಹಾಗಾಗಿ ಬಂದ ಉತ್ತರವನ್ನು "ಸುಮಾರು ಇಷ್ಟಿರಬಹುದು, ಹೆಚ್ಚುಕಡಿಮೆಯೂ ಆಗಬಹುದು" ಅಂತ ಓದುವುದು ಕ್ಷೇಮ. ಕಂಡ ಅತಿ ದೊಡ್ಡ ನಂಬರಿನಿಂದ ಅತಿ ಚಿಕ್ಕದನ್ನು ಕಳೆದು ಅದೇ ಒಟ್ಟು ತಯಾರಿಕೆ ಅಂತ ಹೇಳುವವರೂ ಇದ್ದಾರೆ. ಅದು ಯಾವಾಗಲೂ ಕಡಿಮೆಯೇ ಬರುತ್ತದೆ, ನಂಬಬೇಡಿ.

ಇಷ್ಟೆಲ್ಲ ಯಾಕೆ ಅಂದರೆ, ಕೊನೆಗೆ ದುಡ್ಡಿನ ವಿಷಯವೂ ಹೌದು. ಕ್ಯಾಪ್‌ಕಾಮ್ ಕಂಪನಿ 1996ರಲ್ಲಿ 'ಬಿಗ್ ಬ್ಯಾಂಗ್ ಬಾರ್' ಅಂತ ಒಂದು ಆಟ ಮಾಡಿತು. 14 ಯಂತ್ರ ಮಾಡುವಷ್ಟರಲ್ಲಿ ಪಿನ್‌ಬಾಲ್ ವಿಭಾಗವೇ ಮುಚ್ಚಿಹೋಯಿತು. 2007ರಲ್ಲಿ ಬೇರೆ ಕಂಪನಿ ಅದೇ ಆಟವನ್ನು 191 ಯಂತ್ರ ಹೊಸದಾಗಿ ಮಾಡಿತು. ಎರಡೂ ನೋಡಲು ಒಂದೇ, ಯಾವುದು ಯಾವ ಸಾಲಿನದು ಅನ್ನುವುದರ ಮೇಲೆ ಬೆಲೆ. ಆಡಮ್ಸ್ ಫ್ಯಾಮಿಲಿಗೆ 1994ರಲ್ಲಿ ಚಿನ್ನದ ಬಣ್ಣದ 'ಗೋಲ್ಡ್' ಆವೃತ್ತಿ ಬಂತು, ಒಂದು ಸಾವಿರ. ಈಗ ಆ ಚಿನ್ನದ ಬಣ್ಣದ ಕಾಲು, ಪಟ್ಟಿ ಎಲ್ಲ ಅಂಗಡಿಯಲ್ಲೇ ಸಿಗುತ್ತವೆ. ಮಾಮೂಲಿ ಯಂತ್ರಕ್ಕೆ ಹಾಕಿ 'ಗೋಲ್ಡ್' ಅಂತ ಮಾರಬಹುದು. ಹೊಳಪು ನೋಡಿ ನಂಬುವ ಬದಲು ಒಳಗಿನ ಸ್ಟಿಕರುಗಳನ್ನು ಒಂದಕ್ಕೊಂದು ತಾಳೆ ನೋಡಿ. ಹೊರಗೆ ಒಂದೇ ಒಂದು ಸ್ಟಿಕರ್ ಇದ್ದು, ಅದೂ ಹೊಸದಾಗಿ ಕಂಡು, ಒಳಗೆ ಎಲ್ಲಿಯೂ ನಂಬರ್ ಇಲ್ಲ ಅಂದರೆ ಮಾರುವವರನ್ನು ಇನ್ನೆರಡು ಪ್ರಶ್ನೆ ಕೇಳಿ. ಮರಕ್ಕೆ ಒತ್ತಿದ ಅಂಕಿಯನ್ನು ಉಳಿಯಿಂದ ಕೆರೆದು ತೆಗೆದಿದ್ದರೆ ಯಂತ್ರ ಕಳ್ಳತನದ್ದೂ ಆಗಿರಬಹುದು, ಅಂಥದ್ದಕ್ಕೆ ಕೈಹಾಕದಿರುವುದೇ ಒಳ್ಳೆಯದು.

ತಾಳೆ ನೋಡಲು ಬೇಕಾದ ಪಟ್ಟಿಗಳು ಇಂಟರ್ನೆಟ್ಟಿನಲ್ಲೇ ಇವೆ. ಇಂಟರ್ನೆಟ್ ಪಿನ್‌ಬಾಲ್ ಡೇಟಾಬೇಸಿನಲ್ಲಿ ಆಟದ ಹೆಸರು, ತಯಾರಾದ ಕಾಲ, ಗೊತ್ತಿದ್ದರೆ ಒಟ್ಟು ಸಂಖ್ಯೆ ಸಿಗುತ್ತದೆ. ಸೀರಿಯಲ್ ನಂಬರುಗಳಿಗೇ ಅಂತ ಇಂಟರ್ನೆಟ್ ಪಿನ್‌ಬಾಲ್ ಸೀರಿಯಲ್ ನಂಬರ್ ಡೇಟಾಬೇಸ್ ಅಂತ ಬೇರೆಯೇ ಇದೆ. ಜಗತ್ತಿನ ಎಲ್ಲ ಕಡೆಯ ಜನ ತಮ್ಮ ಯಂತ್ರದ ನಂಬರನ್ನು ಫೋಟೊ ಜೊತೆ ಅಲ್ಲಿ ಸೇರಿಸುತ್ತಾರೆ. ಇದಲ್ಲದೆ 'ಬಿಲ್‌ಬೋರ್ಡ್', 'ಕ್ಯಾಶ್ ಬಾಕ್ಸ್' ಅನ್ನುವ ಹಳೆಯ ವ್ಯಾಪಾರ ಪತ್ರಿಕೆಗಳಲ್ಲಿ ಬಂದ ಜಾಹೀರಾತು ನೋಡಿ, ಆಟ ಯಾವ ತಿಂಗಳು ಮಾರುಕಟ್ಟೆಗೆ ಬಂತು ಅಂತ ಪತ್ತೆ ಮಾಡಿದವರೂ ಇದ್ದಾರೆ.

ಅಮೆರಿಕದಲ್ಲೋ ಜರ್ಮನಿಯಲ್ಲೋ ಇರುವ ನಮ್ಮವರು ಯಾರಾದರೂ ಇಂಥ ಯಂತ್ರ ಕೊಂಡರೆ, ಆ ಡೇಟಾಬೇಸಿಗೆ ನಂಬರ್ ಕಳಿಸುವಾಗ ಬರೀ ಅಂಕಿ ಬರೆದು ಕಳಿಸಬೇಡಿ. ಅದು ಯಾವ ಭಾಗದ ಮೇಲಿತ್ತು, ಅಚ್ಚೋ ಸ್ಟಿಕರೋ ಪೆನ್ಸಿಲ್ಲೋ, ತಲೆಯಲ್ಲೂ ಅದೇ ಇದೆಯಾ, ಯಾವ ಊರಿನಲ್ಲಿ ಸಿಕ್ಕಿತು ಅನ್ನುವುದನ್ನೂ ಸೇರಿಸಿ. ಭಾಗಗಳಿಗಾಗಿ ಒಡೆದು ಮಾರುತ್ತಿರುವ ಯಂತ್ರ, ಗೆದ್ದಲು ತಿಂದು ಗುಜರಿಗೆ ಹೋಗುತ್ತಿರುವ ಕ್ಯಾಬಿನೆಟ್ ಕಂಡರೂ ಫೋಟೊ ತೆಗೆದು ಕಳಿಸಬಹುದು. ಎಣಿಕೆಗೆ ಅದರ ನಂಬರೂ ಅಷ್ಟೇ ಮುಖ್ಯ.